ನಮ್ಮ ಹಿತ್ತಿಲ ಹಳ್ಳ

ತೀರ್ಥಯಾತ್ರೆಯನ್ನು ಮಾಡಿ ಬಂದವರು ತಮ್ಮ ಅನುಭವವನ್ನು ಬರೆಯುವುದುಂಟು. ದೇಶಾಂತರಗಳನ್ನು ಸುತ್ತಿ ಬಂದವರು ಅಲ್ಲಿನ ವಿಶೇಷಗಳನ್ನು ಬರೆಯುವುದುಂಟು. ನಾವು ಇಲ್ಲಿ ಬರೆಯಹೊರಟಿರುವ ಪ್ರವಾಸವಾದರೋ ನಮ್ಮ ಅಡಿಗೆಮನೆಯ ಹಿಂಬಾಗಿಲಿನಲ್ಲಿ ಮೊದಲಾಗಿ ಇನ್ನೂರು ಗಜಗಳ ದೂರದಲ್ಲಿ ಮುಗಿದುಹೋಗುವುದು. ಇದಕ್ಕೆ ಬುತ್ತಿಯ ಗಂಟು ಬೇಡ, ಬಂಡಿಯ ಖರ್ಚಿಲ್ಲ. ಆದರೂ ಬಹುಕಾಲ ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳಿ, ನಿವೃತ್ತರಾಗಿ ಮನೆ ಸೇರಿದ ಮೇಲೆಯೇ ಈ ಪ್ರವಾಸವು ನಮಗೆ ಲಭಿಸಿತೆಂದು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಮೊದಲು ಆ ಹಳ್ಳವನ್ನು ದಿನಕ್ಕೆ ಎರಡು ಸಲ ದಾಟುತ್ತಿದ್ದೆವು. ಒಂದು ಸಲವಾದರೂ ನಿಂತು ನೋಡಿದವರಲ್ಲ.

ನಮ್ಮ ಮನೆಯು ಮೂಡಿಗೆರೆಯಿಂದ ಕೊಟ್ಟಿಗೆಹಾರವನ್ನು ಹಾಯ್ದು ಕಳಸಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ, ಒಂದು ಗುಡ್ಡದ ಓರೆಯಲ್ಲಿರುವುದು. ಮುಂದೆ ಕಾಫಿ ಒಣಹಾಕುವ ಕಣ. ಎರಡು ಕಡೆಯಲ್ಲಿಯೂ ಸಣ್ಣದೊಂದು ತೋಟ. ಹಿಂದೆ ಹಿತ್ತಿಲು ಇಳಿದಿಳಿದು ಹಳ್ಳವನ್ನು ಮುಟ್ಟುವುದು. ಈ ಸೀಮೆಯ ನೀರಿನ ಗತಿಯೇ ಒಂದು ವಿಚಿತ್ರ. ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಮೂಡಲ ಕಡೆಗೆ ಹರಿದು ಕಾವೇರಿಯನ್ನು ಸೇರುವಳು. ಗಂಗಾಮೂಲದಲ್ಲಿ ಹುಟ್ಟುವ ಭದ್ರೆಯು ಕುದುರೆಮುಖ, ಕಳಸ, ಬಾಳೆಹೊನ್ನೂರುಗಳ ಮೇಲೆ ಹಾಯ್ದು, ಕೂಡಲಿಯಲ್ಲಿ ತುಂಗೆಯೊಡಗೂಡಿ, ಕಡೆಗೆ ಕೃಷ್ಣೆಯಲ್ಲಿ ಬೆರೆಯುವಳು. ಅದೇ ಗಂಗಾಮೂಲದ ನೇತ್ರಾವತಿಯು ಬೆನ್ನು ತಿರುಗಿಸಿ ಪಶ್ಚಿಮಕ್ಕಿಳಿದು ಮಂಗಳೂರಿನ ಕಡಲನ್ನು ಸೇರುವಳು. ಒಂದೇ ಮುಗಿಲಿನ ಹನಿಗಳು ಬೀಳುವ ಮಗ್ಗುಲನ್ನನುಸರಿಸಿ ಎರಡು ಕಡಲುಗಳ ಪಾಲಾಗುವುವು. ನಮ್ಮ ಹಳ್ಳವು ಭದ್ರೆಯ ಪಾಲಿನದು. ಇದಕ್ಕೆ ನಕ್ಷೆಯಲ್ಲಿ ಒಂದು ಗೀಟಿರುವುದಲ್ಲದೆ ಹೆಸರಿಲ್ಲ. ಅಗಲವು ಮೂರು ಮಾರು. ಬೇಸಗೆಯಲ್ಲಿ ಮೊಣಕಾಲಿನ ಆಳ. ಮಳೆಗಾಲದಲ್ಲಿ ಅದರ ಲೆಕ್ಕವನ್ನು ಕೇಳತಕ್ಕದ್ದಲ್ಲ.

ನಿವೃತ್ತಿಯ ಮೊದಲನೆಯ ವರ್ಷ ನಮಗೆ ನಸುಕಿನಲ್ಲಿಯೇ ಎಚ್ಚರವಾಗುತ್ತಿದ್ದಿತು. ಮಾಡಲು ಮಾತ್ರ ಕೆಲಸವಿಲ್ಲ. ಹೀಗೆ ಒಂದು ದಿನ ಮಬ್ಬುಗತ್ತಲೆಯಲ್ಲಿ ಹಳ್ಳದ ಕಡೆಯಿಂದ ಯಾರೋ ಸಿಳ್ಳೆ ಹಾಕುತ್ತಿರುವುದು ಕೇಳಿಸಿತು. ರಾಗವಿದೆ, ಆದರೆ ಗುರಿಯಿಲ್ಲ. ನಾಲ್ಕು ಸ್ವರಗಳನ್ನು ಹಿಡಿದು ಮುಂದಿನದನ್ನು ಮರೆತವನಂತೆ ನಿಲ್ಲಿಸಿ, ಮತ್ತೆ ಬೇರೊಂದು ಕಡೆಯಿಂದ ಎತ್ತಿಕೊಳ್ಳುವುದು. ಯಾವನೋ ತೋಟದ ಹುಡುಗನಿರಬೇಕೆಂದು ಇಳಿದು ಹೋಗಿ ನೋಡಿದರೆ, ಬಂಡೆಯ ಮೇಲೆ ಮೈನೆಗಿಂತ ಸ್ವಲ್ಪ ದೊಡ್ಡದಾದ ಕರಿಯ ಹಕ್ಕಿಯೊಂದು ಕುಳಿತಿದ್ದಿತು. ಬೆಳಕು ಹರಿದ ಮೇಲೆ ಅದರ ಹಣೆಯಲ್ಲಿಯೂ ಭುಜದಲ್ಲಿಯೂ ನೀಲಮಣಿಯ ಕಾಂತಿ ಕಾಣಿಸಿತು. ಇದೇ ಮಲೆನಾಡಿನ ಸಿಳ್ಳಾರ. ಹರಿಯುವ ನೀರಿನ ನೆರೆಯನ್ನು ಬಿಟ್ಟು ದೂರ ಹೋಗದು. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವುದು. ಏಡಿ, ಬಸವನಹುಳು, ಎರೆಹುಳುಗಳನ್ನು ತಿಂದು ಬಾಳುವುದು. ಹಿಂದೆ ಈ ಬೆಟ್ಟಗಳಲ್ಲಿ ತೋಟ ಮಾಡಿಕೊಂಡಿದ್ದ ಆಂಗ್ಲರು ಇದಕ್ಕೆ 'ಸಿಳ್ಳೆ ಹಾಕುವ ಶಾಲಾಬಾಲಕ'ನೆಂದು ಹೆಸರಿಟ್ಟಿದ್ದರು. ಸಿಳ್ಳೆ ಹಾಕಿದ ತಪ್ಪಿಗಾಗಿ ಎಷ್ಟೋ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ನಮಗೆ ಮುಪ್ಪಿನಲ್ಲಿ ಇವನು ಗುರುವಾದುದು ಕರ್ಮಫಲವೆಂದೇ ಹೇಳಬೇಕು. ಅಂದಿನಿಂದ ಪ್ರಾತಃಕಾಲದ ಕಾಫಿಯನ್ನು ಕುಡಿದೊಡನೆ ಹಳ್ಳಕ್ಕಿಳಿಯುವುದು ನಮ್ಮ ನಿತ್ಯವಿಧಿಯಾಯಿತು.

ಹಳ್ಳದ ದಂಡೆಯ ಮರಗಳಲ್ಲಿ ಹಿರಿಯದು ಒಂದು ಅತ್ತಿಯ ಮರ. ಇದು ನಮ್ಮ ಅಜ್ಜನ ಕಾಲಕ್ಕೇ ದೊಡ್ಡದಾಗಿದ್ದಿತಂತೆ. ಅತ್ತಿಯ ಹಣ್ಣನ್ನು ಬಿಚ್ಚಿದರೆ ಹುಳುವೇ ಎಂಬ ಅರ್ಥದ ಗಾದೆ ನಮ್ಮಲ್ಲಿರುವುದು. ಅಮರಕೋಶವೂ ಉದುಂಬರವನ್ನು 'ಜಂತುಫಲ'ವೆಂದು ಕರೆಯುವುದು. ಮೂವತ್ತು ವರ್ಷ ಈ ಶಬ್ದವನ್ನು ಹುಡುಗರಿಂದ ಕಂಠಪಾಠ ಮಾಡಿಸಿದೆವಾದರೂ ಅದರ ಒಳಗುಟ್ಟನ್ನು ತಿಳಿದಿರಲಿಲ್ಲ. ಅತ್ತಿಗೆ ಹೂವಿಲ್ಲವೆಂಬುದು ಸುಳ್ಳು; ನಾವು ಕಾಯಿಯೆಂದು ಕರೆಯುವುದೇ ಹೂವುಗಳನ್ನು ಒಳಗೆ ಬಚ್ಚಿಟ್ಟುಕೊಂಡ ಭರಣಿ. ಎಳ್ಳಿನಷ್ಟು ಸಣ್ಣದಾದ ಒಂದು ಕಣಜವು ಅದರ ತುದಿಯ ಕಿಂಡಿಯಲ್ಲಿ ನುಸುಳಿ ಪರಾಗವನ್ನು ಮುಟ್ಟಿಸುವುದು. ಪ್ರತಿಫಲವಾಗಿ ಕೆಲವು ಹೂವುಗಳಲ್ಲಿ ತನ್ನ ಮೊಟ್ಟೆಯನ್ನಿಡುವುದು. ಅಲ್ಲಿ ಹುಟ್ಟಿದ ಗಂಡುಗಳಿಗೆ ರೆಕ್ಕೆಯಿಲ್ಲ, ಅವು ಒಳಗೇ ಸಾಯುವುವು. ಹೆಣ್ಣುಗಳು ಪರಾಗವನ್ನು ಹೊತ್ತು ಹೊರಗೆ ಹಾರಿ ಬೇರೊಂದು ಅತ್ತಿಯನ್ನು ಹುಡುಕುವುವು. ಆ ಹುಳುವಿಲ್ಲದಿದ್ದರೆ ಅತ್ತಿಗೆ ಸಂತತಿಯಿಲ್ಲ. ಅತ್ತಿಯಿಲ್ಲದಿದ್ದರೆ ಆ ಹುಳುವಿಗೆ ಮನೆಯಿಲ್ಲ. ಹಣ್ಣು ಕೆಂಪಾದ ದಿನಗಳಲ್ಲಿ ಮರವು ಒಂದು ಸಂತೆಯಾಗುವುದು. ಹಗಲಿನಲ್ಲಿ ಕುಟುರ, ಮಂಗಟ್ಟೆ, ಕೆಂದಳಿಲು; ಇರುಳಿನಲ್ಲಿ ಬಾವಲಿ ಮತ್ತು ಕಾಡುಬೆಕ್ಕು. ಜಾರಿ ನೀರಿಗೆ ಬಿದ್ದ ಹಣ್ಣು ಮೀನುಗಳ ಪಾಲು.

ಬೇಸಗೆಯ ಕೊನೆಯಲ್ಲಿ ಹೊಳೆದಾಸವಾಳವು ಅರಳುವುದು. ಹೆಸರು ದಾಸವಾಳವಾದರೂ ಇದು ಆ ಕುಲದ್ದಲ್ಲ. ನಮ್ಮ ಹೆಣ್ಣುಮಕ್ಕಳು ಕೈಗೆ ಹಚ್ಚಿಕೊಳ್ಳುವ ಮದರಂಗಿಗೂ ತೋಟದ ನಂದಿಮರಕ್ಕೂ ಇದು ನಂಟು. ನೇರಿಳೆ ಬಣ್ಣದ ಗೊಂಚಲುಗಳಿಂದ ಮರವೆಲ್ಲ ಮುಚ್ಚಿ, ಉದುರಿದ ದಳಗಳು ಮಡುವಿನಲ್ಲಿ ಮೆಲ್ಲಗೆ ಸುತ್ತುತ್ತಿರುವುವು. ಅದರ ಕೆಳಗೆ ನೀರಂಚಿನಲ್ಲಿ ಮುಂಡುಗದ ಮುಳ್ಳುಮೆಳೆ. ಇದು ಕೇದಗೆಯ ಜಾತಿ. ಕರಾವಳಿಯವರು ಇಂಥ ಎಲೆಯನ್ನು ಬಾಡಿಸಿ, ಮುಳ್ಳು ತೆಗೆದು, ಮೂಡೆ ಕಟ್ಟಿ ಕಡುಬು ಬೇಯಿಸುವರು. ಮುಂಡುಗದ ಹಿಂದೆ ವಾಟೆಯ ಹಿಂಡು. ಇವೆರಡರ ಬೇರುಗಳು ಹೆಣೆದುಕೊಂಡಿರುವ ಬಗೆಯನ್ನು ನೋಡಿದರೆ ಯಾವ ಮೇದನೂ ಅಂಥ ಬುಟ್ಟಿಯನ್ನು ಹೆಣೆಯಲಾರನೆಂದು ತೋರುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸಕ್ತಿ ಬರುವುದು.

ರೋಹಿಣಿಯ ಮಳೆ ಒಂದೆರಡು ಬಿದ್ದೊಡನೆ ಮಿಂಚುಹುಳುಗಳ ಉತ್ಸವ. ಬಳಿಕ ಮೃಗಶಿರೆಯಲ್ಲಿ ನೀರು ಕೆಂಪಾಗಿ ಏರಿದಾಗ ಹತ್ತುಮೀನು ಬರುವುದು. ಹೊಳೆಯ ಮೀನುಗಳು ಮೊಟ್ಟೆಯಿಡುವುದಕ್ಕಾಗಿ ಹೊಸ ನೀರಿಗೆದುರಾಗಿ ಹಳ್ಳವನ್ನೇರಿ ಗದ್ದೆಯ ಬಯಲಿನವರೆಗೂ ಹತ್ತುವುವು. ನೆರೆಹೊರೆಯವರು ಕೂಣಿಯನ್ನೊಡ್ಡಿ ಹಿಡಿಯುವರು. ಆಮೇಲೆ ಮೂರು ತಿಂಗಳು ಹಳ್ಳದ ದಂಡೆ ಇಂಬಳದ ರಾಜ್ಯ. ಸುಶ್ರುತನು ಜಲೌಕಗಳನ್ನು ಹನ್ನೆರಡು ಬಗೆಯಾಗಿ ವಿಂಗಡಿಸಿ, ಆರು ವಿಷವುಳ್ಳವು, ಆರು ವಿಷವಿಲ್ಲದವು ಎಂದು ಹೇಳಿರುವನು. ನಮ್ಮ ಕಾಲಿಗೆ ಹತ್ತಿದವು ಯಾವ ವರ್ಗದವೆಂದು ವಿಚಾರಿಸುವ ತಾಳ್ಮೆ ನಮಗಿರಲಿಲ್ಲ; ಹೊಗೆಸೊಪ್ಪಿನ ನೀರನ್ನು ಕಾಲಿಗೆ ಬಳಿದುಕೊಂಡು ಇಳಿಯುವುದನ್ನು ಕಲಿತೆವು. ಇದೇ ಕಾಲದಲ್ಲಿ ಅತ್ತಿಯ ಕವಲುಗಳ ಪಾಚಿಯಲ್ಲಿ ಮರಕೆಸು ಚಿಗುರುವುದು. ನಮ್ಮ ಗೃಹಿಣಿಯು ಅದರಿಂದ ಪತ್ರೊಡೆಯನ್ನು ಮಾಡುವಳು. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿದ್ದು ಗಂಟಲನ್ನು ತುರಿಸುವುವಾದ್ದರಿಂದ ಹುಣಿಸೆಯ ಹುಳಿಯನ್ನು ಬಿಗಿಯಾಗಿಯೇ ಹಾಕಬೇಕೆಂಬುದು ಅವಳ ನಿಯಮ.

ಮಳೆ ಹಿಂದೆಗೆದು ನೀರು ತಿಳಿಯಾಗುವ ಹೊತ್ತಿಗೆ, ಭಾದ್ರಪದದ ಆಚೀಚೆ, ಒಂದು ಮುಂಜಾನೆ ಮಡುವಿನ ಅಂಚಿನಲ್ಲಿ ಹೊಟ್ಟೆ ಹಳದಿಯಾದ ಸಣ್ಣ ಹಕ್ಕಿಯೊಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವುದು. ಇದು ಖಂಜನಗಳ ಗುಂಪಿನದು. ಹಿಮಾಲಯದಲ್ಲಿಯೂ ಅದರಾಚೆಯ ಶೀತದೇಶಗಳಲ್ಲಿಯೂ ಮರಿಮಾಡಿ, ಚಳಿಗಾಲವನ್ನು ಕಳೆಯಲು ನಮ್ಮ ಹಳ್ಳಗಳಿಗೆ ಬರುವುದು. ಶರತ್ಕಾಲದ ಈ ಅತಿಥಿಯನ್ನು ನಮ್ಮ ಪೂರ್ವಿಕರು ಎಷ್ಟು ಆದರದಿಂದ ಎದುರುನೋಡುತ್ತಿದ್ದರೆಂದರೆ, ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಂಜನದ ದರ್ಶನಫಲಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಕಣ್ಣುಗಳಿಗೆ ಖಂಜನವನ್ನು ಹೋಲಿಸುವ ಶ್ಲೋಕಗಳನ್ನು ಅರ್ಥಸಹಿತ ಬೋಧಿಸಿದ ನಾವು ಹಕ್ಕಿಯನ್ನು ಗುರುತಿಸಿ ನೋಡಿದ್ದು ಅರವತ್ತರ ಹತ್ತಿರದಲ್ಲಿ! ಆ ಚಂಚಲತೆಯನ್ನು ಕಂಡ ಬಳಿಕವೇ ಉಪಮಾನವು ಎಷ್ಟು ಸಮರ್ಪಕವೆಂಬುದು ಮನಸ್ಸಿಗೆ ಹತ್ತಿತು.

ಆದರೆ ನಮ್ಮ ಹಳ್ಳದ ಮುಖ್ಯ ಪ್ರಜೆಯು ಹಕ್ಕಿಯೂ ಅಲ್ಲ, ಮೀನೂ ಅಲ್ಲ, ಒಂದಂಗುಲದ ಕಪ್ಪೆ. ಇದನ್ನು ಮೊದಲು ಕಂಡವಳು ನಮ್ಮ ಮೊಮ್ಮಗಳು. ಒಂದು ಕಾರ್ತಿಕಮಾಸದಲ್ಲಿ, ಹಳ್ಳದ ಮೇಲ್ಭಾಗದ ದಟ್ಟನೆರಳಿನಲ್ಲಿ, "ಅಜ್ಜಾ, ಈ ಕಪ್ಪೆ ಕಾಲು ಬೀಸಿ ನಮ್ಮನ್ನ ಆಚೆ ಹೋಗಿ ಅಂತಿದೆ!" ಎಂದು ಪಿಸುಗುಟ್ಟಿದಳು. ನಾವು ಕನ್ನಡಕವನ್ನು ಒರಸಿಕೊಂಡು ನೋಡಿದೆವು. ಒದ್ದೆಯ ಕಲ್ಲಿನ ಬಣ್ಣವನ್ನೇ ಹೊತ್ತ ಆ ಪ್ರಾಣಿಯು ಒಂದು ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳುಗಳ ನಡುವಣ ಬಿಳಿಯ ಪೊರೆಯನ್ನು ಬೀಸಣಿಗೆಯಂತೆ ಬಿಡಿಸಿ, ಮತ್ತೆ ಮಡಿಸಿಕೊಂಡಿತು. ಎದುರುಗಲ್ಲಿನ ಮೇಲಿದ್ದ ಇನ್ನೊಂದು ಗಂಡುಗಪ್ಪೆಯೂ ಹಾಗೆಯೇ ಉತ್ತರಕೊಟ್ಟಿತು. ಹರಿಯುವ ನೀರಿನ ಸದ್ದಿನಲ್ಲಿ ದನಿಯೊಂದೇ ಸಾಲದಾಗುವುದರಿಂದ ಇವು ಕಾಲಿನ ಸನ್ನೆಯನ್ನೂ ಕೂಡಿಸಿಕೊಂಡಿರುವುವೆಂದು ತಜ್ಞರು ಹೇಳುವರು. ಅದಕ್ಕಾಗಿಯೇ ಇವಕ್ಕೆ ನರ್ತಿಸುವ ಕಪ್ಪೆಗಳೆಂದು ಹೆಸರು.

ಈ ಕುಲದ ಒಂದು ಕಪ್ಪೆಗೆ ನಮ್ಮ ಕೊಟ್ಟಿಗೆಹಾರದ ಹೆಸರೇ ಇರುವುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೂ, 1932ರಲ್ಲಿ ಮೊದಲಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆದ ಸಿ. ಆರ್. ನಾರಾಯಣರಾಯರು, ಈ ಜಿಲ್ಲೆಯು ಕಡೂರು ಜಿಲ್ಲೆಯೆನಿಸಿದ್ದ ಕಾಲದಲ್ಲಿ, ಇಲ್ಲಿನ ಕಪ್ಪೆಯನ್ನು ಪರೀಕ್ಷಿಸಿ 1937ರಲ್ಲಿ ವರ್ಣಿಸಿ, 'ಕೊಟ್ಟಿಗೆಹಾರೆನ್ಸಿಸ್' ಎಂದು ನಾಮಕರಣ ಮಾಡಿದರು. ಬಸ್ಸು ನಿಂತಾಗ ನೀರುದೋಸೆ ತಿನ್ನುವುದಕ್ಕೆ ಮಾತ್ರ ಪ್ರಸಿದ್ಧವಾದ ಊರೆಂದು ನಾವು ತಿಳಿದಿದ್ದೆವು. ಲೋಕದ ವಿದ್ವಾಂಸರು ಅದನ್ನು ಒಂದು ಕಪ್ಪೆಯ ಮೂಲಕ ಬಲ್ಲರು. ಈ ಕುಲದ ಹೆಣ್ಣುಗಪ್ಪೆಗಳು ಮಳೆ ನಿಂತು ನೀರು ತೆಳುವಾದಾಗ ಹಿಂಗಾಲಿನಿಂದ ನೊರಜುಗಲ್ಲನ್ನು ಕೆದರಿ ಮೊಟ್ಟೆಯಿಟ್ಟು ಮುಚ್ಚುವುವು. ಇವುಗಳ ಗೊದಮೊಟ್ಟೆಗಳು ಎಲ್ಲಿರುವುವೆಂಬುದು ಬಹುಕಾಲ ಗೂಢವಾಗಿದ್ದು, 2016ರಲ್ಲಿ, ಹಳ್ಳದ ತಳದ ಮರಳಿನೊಳಗೆ ಹುದುಗಿ ಬೆಳೆಯುವುವೆಂದು ಪ್ರಕಟವಾಯಿತು. ಆದುದರಿಂದ ಇವಕ್ಕೆ ಬೇಕಾದುದು ಮೂರೇ: ತಂಪಾದ ನೆರಳು, ಬತ್ತದ ನೀರು, ಕೆಸರು ತುಂಬದ ಕಲ್ಲುತಳ.

ಈಗ ನಮ್ಮ ತಪ್ಪಿನ ಕಥೆಯನ್ನು ಹೇಳಬೇಕು. 1994ರಲ್ಲಿ ಬ್ರಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿಯ ಬೆಳೆ ಕೆಟ್ಟಿತು. ಇಲ್ಲಿ ಧಾರಣೆ ಏರಿತು. ಬೆಳೆಗಾರರು ತಮ್ಮ ಕಾಫಿಯನ್ನು ಹೊರಗೆ ಮಾರಿಕೊಳ್ಳುವ ಸ್ವಾತಂತ್ರ್ಯವೂ ಆಗಲೇ ಹಂತಹಂತವಾಗಿ ಬರುತ್ತಿದ್ದಿತು. ಊರಿನಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ಇನ್ನಷ್ಟು ಗಿಡ ನೆಡಬೇಕು. ಆಗ ನಮಗೆ ಮೂವತ್ತರ ಆಚೀಚೆಯ ವಯಸ್ಸು. ಶಾಲೆಯ ರಜೆಯಲ್ಲಿ ಆಳುಗಳನ್ನು ಕೂಡಿಕೊಂಡು ಹಳ್ಳದ ಕೆಳಭಾಗದ ಅರುವತ್ತು ಗಜದ ದಂಡೆಯಲ್ಲಿದ್ದ ಮುಂಡುಗ, ವಾಟೆ, ನೇರಳೆಗಳನ್ನು ಕಡಿಸಿ, ಸುಟ್ಟು, ನೀರಿನ ಅಂಚಿನವರೆಗೂ ಕಾಫಿಯನ್ನು ನೆಡಿಸಿದೆವು. ನಮ್ಮ ತಂದೆಯವರು ಚಾವಡಿಯಲ್ಲಿ ಕುಳಿತು, "ಹಳ್ಳದ ಸೆರಗನ್ನು ಎಳೆಯಬೇಡ ಮಗು" ಎಂದಷ್ಟೇ ಹೇಳಿದರು. ಹಳೆಯ ಕಾಲದವರ ಮಾತೆಂದು ನಾವು ಲಕ್ಷಿಸಲಿಲ್ಲ. ಏಳೆಂಟು ವರ್ಷಗಳಲ್ಲಿ ಧಾರಣೆ ಕುಸಿದುಹೋಯಿತು. ಕಡಿದ ವಾಟೆ ಮಾತ್ರ ಹಿಂದಕ್ಕೆ ಬರಲಿಲ್ಲ. ಪ್ರತಿ ಮಳೆಗಾಲದಲ್ಲಿಯೂ ಆ ದಂಡೆಯ ಮಣ್ಣು ಒಂದೊಂದು ಗೇಣು ಕರಗುತ್ತಿದ್ದಿತು.

ಅದೇ ಕಾಲದಲ್ಲಿ ಕುದುರೆಮುಖದ ಗಣಿಯ ಮಣ್ಣು ಭದ್ರೆಗೆ ಸೇರುವುದನ್ನು ಕುರಿತು ನಾಡಿನಲ್ಲೆಲ್ಲ ಚರ್ಚೆ ನಡೆಯಿತು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಇತ್ತ ತೀರ್ಪಿನಂತೆ 2005ರ ಕೊನೆಗೆ ಆ ಗಣಿಯು ನಿಂತಿತು. ಆ ಚರ್ಚೆಯಲ್ಲಿ ನಾವೂ ಸಭೆಗಳಲ್ಲಿ ಕುಳಿತು ತಲೆದೂಗಿದವರೇ. ನಮ್ಮ ಹಿತ್ತಿಲಿನ ಮಣ್ಣೂ ಅದೇ ಭದ್ರೆಗೆ ಹೋಗುತ್ತಿದ್ದಿತೆಂಬುದು ಆಗ ಹೊಳೆಯಲಿಲ್ಲ.

2019ರ ಆಗಸ್ಟಿನಲ್ಲಿ ಆಶ್ಲೇಷೆಯ ಮಳೆ ಹಿಡಿಯಿತು. ಮೂಡಿಗೆರೆಯ ಸೀಮೆಯಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆ ರಾತ್ರಿ ಹಿತ್ತಿಲಿನ ಕಡೆಯಿಂದ ಬಂಡೆಗಳು ಉರುಳುವ ಗುಡುಗು ಕೇಳಿಸುತ್ತಿದ್ದಿತು. ಮನೆಯವರೆಲ್ಲರೂ ದೇವರ ಮುಂದೆ ದೀಪ ಹಚ್ಚಿಕೊಂಡು ಬೆಳಗಿನವರೆಗೆ ಕುಳಿತಿದ್ದೆವು. ಬೆಳಗಾಗಿ ನೋಡಿದಾಗ ಕಂಡದ್ದು ಇಷ್ಟು: ನಾವು ನೆಡಿಸಿದ್ದ ಅರುವತ್ತು ಗಜದ ಕಾಫಿಯೂ ಅದರ ಕೆಳಗಿನ ಮಣ್ಣೂ ಎರಡು ಮಾರು ಒಳಸೇರಿ ಕೊಚ್ಚಿಹೋಗಿದ್ದವು, ದನದ ಕೊಟ್ಟಿಗೆಯ ಒಂದು ಕಂಬ ಗಾಳಿಯಲ್ಲಿ ತೂಗುತ್ತಿದ್ದಿತು. ಅದರ ಮೇಲ್ಗಡೆ, ನಮ್ಮ ತಂದೆಯವರು ಮುಟ್ಟಗೊಡದೆ ಉಳಿಸಿದ್ದ ದಂಡೆಯಲ್ಲಿ, ಮುಂಡುಗವು ಕೆಸರಿನಲ್ಲಿ ಮಲಗಿದ್ದಿತು, ವಾಟೆಯು ಬಾಗಿದ್ದಿತು. ದಡ ಮಾತ್ರ ಇದ್ದಲ್ಲಿಯೇ ಇದ್ದಿತು. ಅದೇ ಮಳೆ, ಅದೇ ನೀರು, ಅದೇ ಮಣ್ಣು. ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾವು ಯಾವ ಕರಿಹಲಗೆಯ ಮೇಲೂ ಬರೆದಿರಲಿಲ್ಲ.

ಮರುವರ್ಷ ಮೃಗಶಿರೆಗೆ ವಾಟೆಯ ಗಡ್ಡೆ, ಮುಂಡುಗದ ಮರಿ, ಅತ್ತಿಯ ಗೆಲ್ಲು, ಹೊಳೆದಾಸವಾಳದ ಸಸಿಗಳನ್ನು ಆ ದಂಡೆಯಲ್ಲಿ ನೆಟ್ಟೆವು. ಹತ್ತು ಗಜದ ಅಗಲವನ್ನು ಹಳ್ಳಕ್ಕೆಂದೇ ಬಿಟ್ಟೆವು. ನಮ್ಮ ತೋಟದ ಹಿರಿಯ ಆಳು ನೋಡಿ ನಕ್ಕು, "ಮೇಷ್ಟ್ರೇ, ನೆಡೋದಕ್ಕಿಂತ ಬಿಡೋದೇ ಮೇಲು. ಕಡಿಯದೆ ಇದ್ರೆ ಹಳ್ಳ ತನಗೆ ಬೇಕಾದ್ದನ್ನ ತಾನೇ ಹುಟ್ಟಿಸಿಕೊಳ್ಳುತ್ತೆ" ಎಂದನು. ಅವನ ಮಾತು ಮುಕ್ಕಾಲು ನಿಜವಾಯಿತು. ಮೊದಲು ಹುಟ್ಟಿದ್ದು ಅಮೆರಿಕೆಯಿಂದ ಬಂದ ಲಂಟಾನವೂ ಕಮ್ಯುನಿಸ್ಟ್ ಗಿಡವೂ. ಎರಡು ವರ್ಷ ಅವನ್ನು ಕೈಯಿಂದಲೇ ಕೀಳಬೇಕಾಯಿತು. ಆಮೇಲೆ ಹಕ್ಕಿಗಳು ಉಗುಳಿದ ನೇರಳೆ, ನೀರು ತಂದ ಕೆಸುವು, ಎಲ್ಲಿಂದಲೋ ಬಂದ ಜರಿ, ಕರ್ಣಕುಂಡಲ, ಒಂದೆಲಗಗಳು ತಾವಾಗಿಯೇ ನೆಲೆಯೂರಿದವು.

ಪರೀಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಮರುವರ್ಷದ ಬೇಸಗೆಯಲ್ಲಿ ಹೂಮಳೆಯೂ ತಡವಾಯಿತು. ಮಾಘ ಫಾಲ್ಗುಣಗಳಲ್ಲಿ ಒಂದಂಗುಲದ ಮಳೆ ಬೀಳದಿದ್ದರೆ ಕಾಫಿಯ ಮೊಗ್ಗು ಅರಳದು. ಅರಳದಿದ್ದರೆ ವರ್ಷದ ಬೆಳೆಯಿಲ್ಲ. ತೋಟವನ್ನು ಈಗ ನೋಡಿಕೊಳ್ಳುತ್ತಿರುವ ನಮ್ಮ ಮಗನು ಮೋಟಾರನ್ನು ಹಳ್ಳಕ್ಕಿಳಿಸಿ ಸ್ಪ್ರಿಂಕ್ಲರ್ ಹಾಕಬೇಕೆಂದನು. "ಅಪ್ಪಯ್ಯ, ಕಪ್ಪೆ ನೋಡ್ಕೊಂಡು ಕೂತ್ರೆ ಬ್ಯಾಂಕಿನ ಕಂತನ್ನ ಯಾರು ಕಟ್ತಾರೆ?" ಎಂದು ಕೇಳಿದನು. ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಅವನ ಹೆಂಡತಿ ಮಕ್ಕಳ ಅನ್ನವಿದ್ದಿತು. ಪಿಂಚಣಿಯನ್ನು ಉಣ್ಣುವವನು ಬೆಳೆಯನ್ನು ನಂಬಿದವನಿಗೆ ನೀತಿಯನ್ನು ಹೇಳುವುದು ಸುಲಭ. ನಾವು ಆ ದಿನ ಉತ್ತರವನ್ನು ಕೊಡದೆ, ಅವನನ್ನು ಕರೆದುಕೊಂಡು ಹಳ್ಳದ ಉದ್ದಕ್ಕೂ ನಡೆದೆವು. ನೀರು ಕಲ್ಲಿನಿಂದ ಕಲ್ಲಿಗೆ ಎಳೆಯಾಗಿ ಹರಿಯುತ್ತಿದ್ದಿತು. ಮೋಟಾರು ಒಂದು ಗಂಟೆ ಓಡಿದರೆ ಮಡು ಬತ್ತಿ, ಕೆಳಗಿನ ಮೂರು ಮನೆಗಳ ದನಗಳಿಗೂ ನೀರಿಲ್ಲವಾಗುವುದೆಂದು ಅವನೇ ನೋಡಿ ಹೇಳಿದನು. ಆ ವರ್ಷ ಅರ್ಧ ಬೆಳೆ ಹೋಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ನಿವೃತ್ತಿಯ ಹಣದಲ್ಲಿ ಒಂದಷ್ಟನ್ನು ತೆಗೆದು ತೋಟದ ಮೇಲ್ಭಾಗದಲ್ಲಿ ಒಂದು ಕೃಷಿಹೊಂಡವನ್ನು ತೋಡಿಸಿದೆವು. ಮಳೆಗಾಲದಲ್ಲಿ ವ್ಯರ್ಥವಾಗಿ ಹೋಗುವ ನೀರು ಅದರಲ್ಲಿ ನಿಂತು, ಹೂವಿನ ಕಾಲಕ್ಕೆ ಒದಗುವುದು. ಮಗನು ಈಗ ಹಳ್ಳದ ಮಾತನ್ನೆತ್ತುವುದಿಲ್ಲ. ಹೊಂಡಕ್ಕೆ ಮಿಂಚುಳ್ಳಿ ಬಂದ ದಿನ ಮಾತ್ರ ನಮ್ಮನ್ನು ತಾನೇ ಕೂಗಿ ಕರೆದನು.

ಈ ಲೇಖನವನ್ನು ಓದುವ ಗೃಹಸ್ಥರಲ್ಲಿ ಬಹುಮಂದಿಯ ಮನೆಯ ಹಿಂದೆ ಇಂಥದೊಂದು ಹಳ್ಳವೋ, ತೊರೆಯೋ, ಕಾಲುವೆಯೋ ಇದ್ದೀತು. ಅವರಲ್ಲಿ ನಮ್ಮ ಬಿನ್ನಹ ದೊಡ್ಡದಲ್ಲ. ದಂಡೆಯ ಹತ್ತು ಗಜವನ್ನು ನೀರಿಗೇ ಬಿಡಿ. ಕಾಫಿಯ ಪಲ್ಪರಿನ ಹುಳಿನೀರನ್ನು ಹಳ್ಳಕ್ಕೆ ಹರಿಸದೆ ಗುಂಡಿಯಲ್ಲಿ ಇಂಗಿಸಿ. ಅದು ಕೊಳೆಯುವಾಗ ನೀರಿನೊಳಗಣ ಪ್ರಾಣವಾಯುವನ್ನು ಹೀರಿ ಮೀನುಗಳನ್ನು ಉಸಿರುಗಟ್ಟಿಸುವುದು. ಮಕ್ಕಳನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ದು ಸುಮ್ಮನೆ ಕುಳ್ಳಿರಿಸಿ. ಮೂಡಿಗೆರೆಯ ತಮ್ಮ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಾರುವ ಓತಿಯೊಂದನ್ನು ಹಿಡಿದು 1980ರಲ್ಲಿ 'ಕರ್ವಾಲೊ' ಕಾದಂಬರಿಯನ್ನೇ ಬರೆದರು. ನಿಮ್ಮ ಮಗುವಿಗೆ ಏನು ಕಾಣುವುದೋ ಬಲ್ಲವರಾರು?

ಕಳೆದ ಕಾರ್ತಿಕದಲ್ಲಿ ಮೊಮ್ಮಗಳು ರಜೆಗೆ ಬಂದಿದ್ದಳು. ನಾವು ಎಂದಿನಂತೆ ಮೇಲ್ಭಾಗಕ್ಕೆ ಹೊರಟರೆ, ಅವಳು ಕೆಳಗಿನ ಹೊಸ ದಂಡೆಯಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ಐದು ವರ್ಷದ ವಾಟೆಯು ಆಗ ತಾನೇ ನೀರಿನ ಮೇಲೆ ಬಾಗಿ ನೆರಳು ಕೊಡತೊಡಗಿದ್ದಿತು. ಬಹಳ ಹೊತ್ತಿನ ಮೇಲೆ ಅವಳು ಮಾತಾಡದೆ ಬೆರಳನ್ನು ಚಾಚಿದಳು. ಒಂದು ಒದ್ದೆಗಲ್ಲಿನ ಮೇಲೆ, ಒಂದೇ ಒಂದು ಬಿಳಿಯ ಬೀಸಣಿಗೆ ಬಿಚ್ಚಿ ಮಡಿಸಿತು. ಎದುರಿನಿಂದ ಉತ್ತರ ಕೊಡುವ ಇನ್ನೊಂದು ಕಪ್ಪೆ ಆ ದಿನ ಅಲ್ಲಿರಲಿಲ್ಲ. ಈ ಕಾರ್ತಿಕದಲ್ಲಿ ಇದ್ದೀತೆಂದು ನಾವಿಬ್ಬರೂ ಎದುರುನೋಡುತ್ತಿದ್ದೇವೆ.